ಬಲ್ಗೇರಿಯಾದ ‘ಎಪಿಜೋದ್’: ಕವಿತೆಯ ಬಲದಿಂದ ಬಾಳಿದ ಮೆಟಲ್ ತಂಡ

ಪ್ರತಿವರ್ಷ ಜೂನ್ 2ರಂದು ಮಧ್ಯಾಹ್ನ 12 ಗಂಟೆಗೆ ಬಲ್ಗೇರಿಯಾದ ಊರೂರುಗಳಲ್ಲಿ ಸೈರನ್ ಮೊಳಗುತ್ತದೆ. ದಾರಿಯಲ್ಲಿ ಹೋಗುತ್ತಿದ್ದ ಜನ ನಿಂತಲ್ಲೇ ನಿಂತು ಮೌನ ಆಚರಿಸುತ್ತಾರೆ. 1876ರಲ್ಲಿ ಒಟ್ಟೊಮನ್ ಆಳ್ವಿಕೆಯ ವಿರುದ್ಧ ಹೋರಾಡುತ್ತ, 28ನೇ ವಯಸ್ಸಿನಲ್ಲಿ ಗುಂಡಿಗೆ ಬಲಿಯಾದ ಕವಿ ಹ್ರಿಸ್ತೊ ಬೊತೆವ್ ಹಾಗೂ ಆ ದೇಶದ ಸ್ವಾತಂತ್ರ್ಯಕ್ಕಾಗಿ ಮಡಿದ ಇತರರ ಸ್ಮರಣೆ ಅದು. ಗಡಿಪಾರಾಗಿ ರೊಮೇನಿಯಾದಲ್ಲಿದ್ದ ಬೊತೆವ್, ಸುಮಾರು 200 ಮಂದಿ ಬಂಡುಕೋರರೊಂದಿಗೆ ‘ರಾದೆತ್ಸ್ಕಿ’ ಎಂಬ ಹಬೆಹಡಗನ್ನು ವಶಪಡಿಸಿಕೊಂಡು ಡ್ಯಾನ್ಯೂಬ್ ನದಿ ದಾಟಿ ತಾಯ್ನಾಡಿಗೆ ಮರಳಿದ್ದರು. ಕೆಲವೇ ದಿನಗಳಲ್ಲಿ ಎಲ್ಲವೂ ಮುಗಿದಿತ್ತು. ಉಳಿದದ್ದು ಇಪ್ಪತ್ತರ ಆಸುಪಾಸಿನ ಕವಿತೆಗಳು ಮಾತ್ರ. ಅವುಗಳಲ್ಲಿ ಹಲವನ್ನು ಬಲ್ಗೇರಿಯಾದ ಮಕ್ಕಳು ಇಂದಿಗೂ ಶಾಲೆಯಲ್ಲಿ ಬಾಯಿಪಾಠ ಮಾಡುತ್ತಾರೆ.

ಆ ಕವಿತೆಗಳನ್ನು ವಿದ್ಯುತ್ ಗಿಟಾರ್ ಮತ್ತು ಡ್ರಮ್‌ಗಳ ಅಬ್ಬರದ ನಡುವೆ ಸಾವಿರಾರು ಯುವಕರಿಂದ ಒಕ್ಕೊರಲಿನಿಂದ ಹಾಡಿಸಿದ ತಂಡವೊಂದಿದೆ. ಅದರ ಹೆಸರು ‘ಎಪಿಜೋದ್’. ರಾಜಧಾನಿ ಸೋಫಿಯಾದಲ್ಲಿ 1980ರ ದಶಕದಲ್ಲಿ ರೂಪುಗೊಂಡ ಈ ಹೆವಿ ಮೆಟಲ್ ತಂಡ ಸರ್ವಾಧಿಕಾರ, ಆರ್ಥಿಕ ಕುಸಿತ, ನಕಲಿ ಧ್ವನಿಮುದ್ರಿಕೆಗಳ ಹಾವಳಿ ಹಾಗೂ ಯುವಜನರ ವಲಸೆ ಎಂಬ ನಾಲ್ಕು ಗಂಡಾಂತರಗಳ ಕಾಲವನ್ನು ದಾಟಿ ಬಂದಿದೆ. ಕೆಲವೇ ದಶಲಕ್ಷ ಜನ ಆಡುವ ಭಾಷೆಯಲ್ಲಿ, ಅದೂ ಅಲ್ಪಸಂಖ್ಯಾತ ಅಭಿರುಚಿಯ ಸಂಗೀತ ನುಡಿಸುವ ತಂಡವೊಂದು ದಶಕಗಳ ಕಾಲ ಬಾಳುವುದು ಹೇಗೆ ಎಂಬ ಪ್ರಶ್ನೆಗೆ ಅದರ ಇತಿಹಾಸ ಕುತೂಹಲಕರ ಉತ್ತರ ನೀಡುತ್ತದೆ.

ಕಾರ್ಖಾನೆಯ ಸದ್ದಿನಿಂದ ಹುಟ್ಟಿದ ಸಂಗೀತ

ಹೆವಿ ಮೆಟಲ್ ಸಂಗೀತದ ಮೂಲವನ್ನು ಸಾಮಾನ್ಯವಾಗಿ ಇಂಗ್ಲೆಂಡಿನ ಕೈಗಾರಿಕಾ ನಗರ ಬರ್ಮಿಂಗ್‌ಹ್ಯಾಂನಲ್ಲಿ ಗುರುತಿಸಲಾಗುತ್ತದೆ. 1968ರಲ್ಲಿ ಅಲ್ಲಿ ರೂಪುಗೊಂಡ ‘ಬ್ಲ್ಯಾಕ್ ಸಬಾತ್’ ತಂಡದ ಗಿಟಾರ್ ವಾದಕ ಟೋನಿ ಅಯೋಮಿ ತಗಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾಗ ಯಂತ್ರಕ್ಕೆ ಸಿಲುಕಿ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡಿದ್ದರು. ತಂತಿ ಒತ್ತುವಾಗ ನೋವಾಗದಿರಲೆಂದು ಅವರು ಬರಬರುತ್ತ ತಂತಿಗಳನ್ನು ಸಡಿಲಿಸಿ, ಶ್ರುತಿ ತಗ್ಗಿಸಿ ನುಡಿಸತೊಡಗಿದರು. ಆ ತಗ್ಗಿದ, ಭಾರವಾದ ನಾದವೇ ಒಂದು ಪ್ರಕಾರದ ಗುರುತಾಯಿತು. ಸಾವು, ಯುದ್ಧ, ದೇವರು, ಸೈತಾನ, ಒಂಟಿತನ ಇವು ಅದರ ವಸ್ತುಗಳಾದವು. ಪ್ರೇಮಗೀತೆಗಳಿಗೆ ಅಲ್ಲಿ ಎರಡನೆಯ ಸ್ಥಾನ.

ಇಂತಹ ಸಂಗೀತ ಪೂರ್ವ ಯುರೋಪಿನ ಕಮ್ಯುನಿಸ್ಟ್ ಸರಕಾರಗಳಿಗೆ ಅನುಮಾನಾಸ್ಪದವಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ‘ಉಜ್ವಲ ಭವಿಷ್ಯ’ವನ್ನು ಹಾಡಿ ಹೊಗಳಬೇಕಾದ ಯುವಕ ಕಪ್ಪು ಬಟ್ಟೆ ತೊಟ್ಟು ಸಾವಿನ ಬಗ್ಗೆ ಹಾಡುವುದು ಆಳುವವರಿಗೆ ಬೇಕಿರಲಿಲ್ಲ.

ಇಡೀ ದೇಶಕ್ಕೆ ಒಂದೇ ಕಂಪನಿ

ಬಲ್ಗೇರಿಯಾದಲ್ಲಿ ಕಮ್ಯುನಿಸ್ಟ್ ಆಳ್ವಿಕೆಯ ಕಾಲದಲ್ಲಿ ಧ್ವನಿಮುದ್ರಿಕೆ ಹೊರತರುವ ಹಕ್ಕು ಸರಕಾರಿ ಸ್ವಾಮ್ಯದ ‘ಬಾಲ್ಕಾಂಟನ್’ ಸಂಸ್ಥೆಯದಾಗಿತ್ತು. 1952ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಬಾಗಿಲು ತೆರೆಯದೆ ಯಾವ ತಂಡದ ಹಾಡೂ ರೆಕಾರ್ಡ್ ರೂಪದಲ್ಲಿ ಅಂಗಡಿಗೆ ಬರುವಂತಿರಲಿಲ್ಲ. ಹಾಡಿನ ಸಾಹಿತ್ಯವನ್ನು ಕಲಾ ಮಂಡಳಿಗಳು ಪರಿಶೀಲಿಸುತ್ತಿದ್ದವು. ವಾದಕರು ಪರೀಕ್ಷೆಗೆ ಹಾಜರಾಗಿ ದರ್ಜೆ ಪಡೆಯಬೇಕಿತ್ತು. ಸಂಭಾವನೆ ನಿರ್ಧಾರವಾಗುತ್ತಿದ್ದದ್ದು ಆ ದರ್ಜೆಯ ಮೇಲೆ. ಉದ್ದ ಕೂದಲು ಬಿಟ್ಟ ಯುವಕರನ್ನು ಪೊಲೀಸರು ಬೀದಿಯಲ್ಲೇ ತಡೆದು ಕತ್ತರಿ ಆಡಿಸುತ್ತಿದ್ದ ಕಾಲವೂ ಇತ್ತು.

ಆದರೂ ರಾಕ್ ಸಂಗೀತ ಬೇರು ಬಿಟ್ಟಿತು. 1967ರಲ್ಲಿ ಸೋಫಿಯಾದಲ್ಲಿ ಹುಟ್ಟಿದ ‘ಶ್ತುರ್ತ್ಸಿತೆ’ ತಂಡವನ್ನು ಬಲ್ಗೇರಿಯಾದ ರಾಕ್ ಸಂಗೀತದ ತಾಯಿಬೇರು ಎನ್ನಬಹುದು. ಆ ಹೆಸರಿಗೆ ‘ಜೀರುಂಡೆಗಳು’ ಎಂದರ್ಥ. ಅದರ ನಾಯಕ ಕಿರಿಲ್ ಮಾರಿಚ್ಕೊವ್ 2024ರ ಅಕ್ಟೋಬರ್‌ನಲ್ಲಿ ತೀರಿಕೊಳ್ಳುವವರೆಗೂ ದೇಶದ ಅತ್ಯಂತ ಗೌರವಾನ್ವಿತ ಸಂಗೀತಗಾರರಲ್ಲಿ ಒಬ್ಬರಾಗಿದ್ದರು. 1970ರ ದಶಕದ ಮಧ್ಯದಲ್ಲಿ ಬಂದ ‘ಎಫ್‌ಎಸ್‌ಬಿ’ ತಂಡದ ಹೆಸರಿನಲ್ಲಿಯೇ ಸರಕಾರಿ ಸಂಸ್ಥೆಯಿದೆ: ಅದು ‘ಫಾರ್ಮೇಶನ್ ಸ್ಟುಡಿಯೋ ಬಾಲ್ಕಾಂಟನ್’ ಎಂಬುದರ ಸಂಕ್ಷೇಪ. ವ್ಯವಸ್ಥೆಯ ಒಳಗಿದ್ದುಕೊಂಡೇ ಹೊಸದನ್ನು ಮಾಡಬೇಕಾದ ಅನಿವಾರ್ಯವನ್ನು ಈ ಹೆಸರು ಸೂಚಿಸುತ್ತದೆ.

ವಾದ್ಯಗಳ ವಿಷಯದಲ್ಲಿ ಮಾತ್ರ ದೇಶ ಸಂಪೂರ್ಣ ಪರಾವಲಂಬಿಯಾಗಿರಲಿಲ್ಲ. ಗುಲಾಬಿ ತೋಟಗಳಿಗೆ ಹೆಸರಾದ ಕಜನ್‌ಲಕ್ ಪಟ್ಟಣದಲ್ಲಿ 1924ರಲ್ಲಿ ಆರಂಭವಾದ ‘ಕ್ರೆಮೋನಾ’ ವಾದ್ಯ ಕಾರ್ಖಾನೆ ಗಿಟಾರ್‌ಗಳನ್ನು ತಯಾರಿಸುತ್ತಿತ್ತು. ಆದರೆ ಮೆಟಲ್‌ಗೆ ಬೇಕಾದ ತೀಕ್ಷ್ಣ ಧ್ವನಿಯ ಸಾಧನಗಳು, ಆಂಪ್ಲಿಫೈಯರ್‌ಗಳು, ಪಾಶ್ಚಾತ್ಯ ಧ್ವನಿಮುದ್ರಿಕೆಗಳು ಸುಲಭವಾಗಿ ದೊರಕುತ್ತಿರಲಿಲ್ಲ. ವಿದೇಶದಿಂದ ಬಂದ ಒಂದು ಕ್ಯಾಸೆಟ್ ಕೈಯಿಂದ ಕೈಗೆ ದಾಟಿ ಹತ್ತಾರು ಪ್ರತಿಗಳಾಗುತ್ತಿತ್ತು. ಪ್ರತಿಯಿಂದ ಪ್ರತಿಗೆ ಧ್ವನಿ ಮಸುಕಾದರೂ ಕೇಳುವವರ ಹಸಿವು ಇಂಗುತ್ತಿರಲಿಲ್ಲ.

1980ರ ದಶಕದ ಉತ್ತರಾರ್ಧದಲ್ಲಿ ಸೋವಿಯತ್ ಒಕ್ಕೂಟದಲ್ಲಿ ಗೋರ್ಬಚೆವ್ ತಂದ ಸಡಿಲಿಕೆಯ ಗಾಳಿ ಬಲ್ಗೇರಿಯಾದ ಮೇಲೂ ಬೀಸಿತು. ಈ ಹೊತ್ತಿಗೆ ಹೊರಹೊಮ್ಮಿದ ಮೆಟಲ್ ತಂಡಗಳಲ್ಲಿ ಹೆಚ್ಚು ಜನಪ್ರಿಯವಾದದ್ದು ‘ಅಹತ್’. ಗಾಯಕ ಜ್ವೆಜ್ದಿ ಕೆರೆಮಿದ್ಚಿಯೆವ್ ಅವರ ಏರುಕಂಠ ಹಾಗೂ ‘ಕಪ್ಪು ಕುರಿ’ ಎಂಬ ಅರ್ಥದ ಹಾಡು ಒಂದು ಪೀಳಿಗೆಯ ಮನಸ್ಸನ್ನು ಹಿಡಿದವು. ಮಂದೆಯಿಂದ ಬೇರೆಯಾಗಿ ನಿಲ್ಲುವವನ ಹಾಡು ಎಲ್ಲರೂ ಒಂದೇ ಸಾಲಿನಲ್ಲಿ ನಡೆಯಬೇಕಾಗಿದ್ದ ದೇಶದಲ್ಲಿ ಬೇರೆಯೇ ಅರ್ಥ ಪಡೆಯಿತೆಂಬುದನ್ನು ವಿವರಿಸಬೇಕಾಗಿಲ್ಲ.

ಸ್ವಾತಂತ್ರ್ಯ ಬಂತು, ಮಾರುಕಟ್ಟೆ ಕುಸಿಯಿತು

1989ರ ನವೆಂಬರ್ 10ರಂದು, ಬರ್ಲಿನ್ ಗೋಡೆ ಬಿದ್ದ ಮರುದಿನ, ಮೂರೂವರೆ ದಶಕ ಬಲ್ಗೇರಿಯಾವನ್ನು ಆಳಿದ್ದ ತೊದೊರ್ ಝಿವ್ಕೊವ್ ಅಧಿಕಾರ ಕಳೆದುಕೊಂಡರು. ಅನಂತರದ ತಿಂಗಳುಗಳಲ್ಲಿ ನಡೆದ ಪ್ರಜಾಪ್ರಭುತ್ವ ಪರ ಸಭೆಗಳಲ್ಲಿ ರಾಕ್ ಸಂಗೀತಗಾರರು ಮುಂಚೂಣಿಯಲ್ಲಿದ್ದರು. ಮಾರಿಚ್ಕೊವ್ 1990ರಲ್ಲಿ ಹೊಸ ಸಂವಿಧಾನ ರಚನೆಗೆಂದು ಚುನಾಯಿತವಾದ ಮಹಾ ರಾಷ್ಟ್ರೀಯ ಸಭೆಯ ಸದಸ್ಯರೂ ಆದರು. ಮಂಡಳಿಯ ಪರೀಕ್ಷೆ ಎದುರಿಸುತ್ತಿದ್ದ ಗಾಯಕ, ದೇಶದ ಸಂವಿಧಾನ ಬರೆಯುವವರ ಸಾಲಿನಲ್ಲಿ ಕುಳಿತದ್ದು ಆ ಕಾಲದ ಮಹಾ ತಿರುವಿಗೆ ಸಾಕ್ಷಿ.

ಆದರೆ ನಿಷೇಧ ತೊಲಗಿದೊಡನೆ ಸಂಗೀತಕ್ಕೆ ಒಳ್ಳೆಯ ದಿನ ಬರಲಿಲ್ಲ. ನಿಷೇಧವಿದ್ದಾಗ ಪ್ರತಿಯೊಂದು ಹಾಡಿಗೂ ಇದ್ದ ತೂಕ, ಎಲ್ಲವನ್ನೂ ಹೇಳಬಹುದಾದಾಗ ಇಳಿಯಿತು. ಹಿಂದೆ ಕದ್ದು ಕೇಳಬೇಕಿದ್ದ ಅಮೆರಿಕ, ಇಂಗ್ಲೆಂಡ್‌ಗಳ ತಂಡಗಳ ಧ್ವನಿಮುದ್ರಿಕೆಗಳು ಈಗ ಬೀದಿ ಬದಿಯಲ್ಲಿ ಸಿಗತೊಡಗಿದವು. ಅದೂ ನಕಲಿ ರೂಪದಲ್ಲಿ, ಚಿಲ್ಲರೆ ಬೆಲೆಗೆ. 1990ರ ದಶಕದಲ್ಲಿ ಬಲ್ಗೇರಿಯಾ ಯುರೋಪಿನ ದೊಡ್ಡ ನಕಲಿ ಸಿ.ಡಿ. ಉತ್ಪಾದಕ ದೇಶಗಳಲ್ಲಿ ಒಂದೆಂದು ಕುಖ್ಯಾತವಾಯಿತು. ಅಂತಾರಾಷ್ಟ್ರೀಯ ಒತ್ತಡ ಹೆಚ್ಚಿದ ಮೇಲೆ 1998ರಲ್ಲಿ ಸರಕಾರ ಸಿ.ಡಿ. ಕಾರ್ಖಾನೆಗಳಿಗೆ ಬಿಗಿ ಪರವಾನಗಿ ಪದ್ಧತಿ ತಂದಿತು. ಅಷ್ಟರಲ್ಲಿ ಸ್ಥಳೀಯ ತಂಡಗಳ ಆದಾಯದ ಮೂಲ ಬತ್ತಿಹೋಗಿತ್ತು.

ಜತೆಗೆ ಆರ್ಥಿಕ ದುರಂತ. 1996-97ರ ಚಳಿಗಾಲದಲ್ಲಿ ಬ್ಯಾಂಕುಗಳು ಸಾಲುಸಾಲಾಗಿ ಮುಳುಗಿದವು. 1997ರ ಫೆಬ್ರವರಿ ಒಂದೇ ತಿಂಗಳಲ್ಲಿ ಬೆಲೆಗಳು ಶೇ. 240ಕ್ಕೂ ಹೆಚ್ಚು ಏರಿದವು. ಜನರ ಉಳಿತಾಯ ಕರಗಿಹೋಯಿತು. ಅದೇ ವರ್ಷ ಜುಲೈನಲ್ಲಿ ದೇಶದ ನಾಣ್ಯ ‘ಲೆವ್’ ಅನ್ನು ಜರ್ಮನಿಯ ಮಾರ್ಕ್‌ಗೆ ಕಟ್ಟಿಹಾಕಿದ ಮೇಲಷ್ಟೇ ಪರಿಸ್ಥಿತಿ ಹತೋಟಿಗೆ ಬಂತು. ರೊಟ್ಟಿಗೆ ಹಣವಿಲ್ಲದವರು ಸಂಗೀತ ಕಚೇರಿಗೆ ಟಿಕೆಟ್ ಕೊಳ್ಳುವುದು ದೂರದ ಮಾತಾಗಿತ್ತು.

ಈ ಖಾಲಿ ಜಾಗವನ್ನು ತುಂಬಿದ್ದು ‘ಚಾಲ್ಗಾ’. ಬಲ್ಗೇರಿಯನ್, ಟರ್ಕಿಷ್, ಸರ್ಬಿಯನ್, ರೊಮಾ ಧಾಟಿಗಳನ್ನು ಬೆರೆಸಿ, ನೃತ್ಯಕ್ಕೆ ತಕ್ಕ ಲಯ ನೀಡುವ ಈ ಜನಪ್ರಿಯ ಸಂಗೀತ ಮದುವೆ ಮನೆ, ಹೋಟೆಲ್, ಟಿ.ವಿ. ವಾಹಿನಿಗಳನ್ನು ವ್ಯಾಪಿಸಿತು. ಅದನ್ನು ಕೀಳೆಂದು ಹಳಿದವರು ಅನೇಕರು. ಬಡತನದ ದಿನಗಳಲ್ಲಿ ಜನರಿಗೆ ನಗು, ಕುಣಿತ ನೀಡಿದ್ದು ಅದೇ ಎಂಬುದೂ ಅಷ್ಟೇ ನಿಜ. ಏನೇ ಇದ್ದರೂ ರಾಕ್ ಮತ್ತು ಮೆಟಲ್ ತಂಡಗಳಿಗೆ ವೇದಿಕೆ ಕಿರಿದಾಯಿತು. 1990ರ ದಶಕದ ಆರಂಭದಲ್ಲೇ ‘ಅಹತ್’ ಚದುರಿತ್ತು; ಅದು ಮತ್ತೆ ಒಂದುಗೂಡಿದ್ದು ವರ್ಷಗಳ ನಂತರ.

ವಿಯೋನ್‌ನಿಂದ ಬೊತೆವ್‌ವರೆಗೆ

‘ಎಪಿಜೋದ್’ ಆಯ್ದುಕೊಂಡ ದಾರಿ ಇಂತಹ ಕಾಲದಲ್ಲಿ ವಿಚಿತ್ರವಾಗಿ ಕಂಡಿರಬೇಕು. 1992ರಲ್ಲಿ ಹೊರಬಂದ ಅದರ ಮೊದಲ ಆಲ್ಬಂ ‘ಮೊಲೆತೆ ಸೆ’ (‘ಪ್ರಾರ್ಥಿಸಿರಿ’) 15ನೇ ಶತಮಾನದ ಫ್ರೆಂಚ್ ಕವಿ ಫ್ರಾಂಸ್ವಾ ವಿಯೋನ್‌ನ ಪದ್ಯಗಳ ಬಲ್ಗೇರಿಯನ್ ಅನುವಾದವನ್ನು ಆಧರಿಸಿತ್ತು. ವಿಯೋನ್ ಪ್ಯಾರಿಸ್ ವಿಶ್ವವಿದ್ಯಾಲಯದ ಪದವೀಧರ. ಜತೆಗೆ ಕಳ್ಳ, ಕೊಲೆ ಆರೋಪಿ, ಗಲ್ಲು ಶಿಕ್ಷೆಗೆ ಗುರಿಯಾಗಿ ಕೊನೆಗಳಿಗೆಯಲ್ಲಿ ಗಡಿಪಾರಾದವನು. 1463ರ ನಂತರ ಅವನ ಸುಳಿವೇ ಇಲ್ಲ. ಬಡತನ, ಹೆಂಡ, ಮುಪ್ಪು, ನೇಣುಗಂಬ ಅವನ ಕಾವ್ಯದ ವಸ್ತುಗಳು. ಐದು ಶತಮಾನದ ಹಿಂದಿನ ಈ ಕವಿ ಹೆವಿ ಮೆಟಲ್‌ಗೆ ಹೇಳಿ ಮಾಡಿಸಿದಂತಿದ್ದ. ಹಸಿವಿನ ಹೊಸ್ತಿಲಲ್ಲಿ ನಿಂತಿದ್ದ ಬಲ್ಗೇರಿಯಾದ ಕೇಳುಗರಿಗೂ ಅವನು ಪರಕೀಯನೆನಿಸಲಿಲ್ಲ.

ಮುಂದಿನ ಹಂತದಲ್ಲಿ ತಂಡ ತನ್ನ ನೆಲದ ಕವಿಗಳತ್ತ ಹೊರಳಿತು. 2002ರ ‘ಬಲ್ಗಾರ್ಸ್ಕಿಯಾತ್ ಬೊಗ್’ (‘ಬಲ್ಗೇರಿಯದ ದೇವರು’) ಆಲ್ಬಂ ಈ ಹೊರಳಿಕೆಯ ಮೈಲಿಗಲ್ಲು. 19ನೇ ಶತಮಾನದ ರಾಷ್ಟ್ರೀಯ ಪುನರುಜ್ಜೀವನ ಕಾಲದ ಹಾಗೂ ಅದರ ನೆರಳಿನಲ್ಲಿ ಬೆಳೆದ ಕವಿಗಳ ರಚನೆಗಳು ತಂಡದ ಮುಖ್ಯ ಸಾಮಗ್ರಿಯಾದವು. ಬೊತೆವ್ ಜತೆಗೆ ಇವಾನ್ ವಾಜೊವ್ (1850-1921) ಅವರಂಥ ಕವಿಗಳು ವೇದಿಕೆಗೆ ಬಂದರು. ಗಾಯಕ ಎಮಿಲ್ ಚೆಂದೊವ್ ಅವರ ಕಂಠ ಈ ಹಂತದ ಗುರುತಾಯಿತು. 2004ರ ಆಲ್ಬಂ ಇನ್ನೂ ಹಿಂದಕ್ಕೆ ಹೋಗಿ, ಮಧ್ಯಯುಗದ ಬಲ್ಗೇರಿಯಾದ ಕೊನೆಯ ಧರ್ಮಗುರು, ಸಂತ ಪಿತೃಪ್ರಧಾನ ಎವ್ತಿಮಿ ಅವರಿಗೆ ಮೀಸಲಾಯಿತು. 1393ರಲ್ಲಿ ರಾಜಧಾನಿ ತರ್ನೊವೊ ಒಟ್ಟೊಮನ್ನರ ವಶವಾದಾಗ ಪಿತೃಪ್ರಧಾನರಾಗಿದ್ದವರು ಅವರೇ.

ಹಳೆಯ ಕವಿತೆಯ ಆಯ್ಕೆಯಲ್ಲಿ ಹಲವು ಅನುಕೂಲಗಳಿದ್ದವು. ಮೊದಲನೆಯದಾಗಿ, ಕೇಳುಗನಿಗೆ ಸಾಹಿತ್ಯ ಆಗಲೇ ಬಾಯಿಗೆ ಬಂದಿರುತ್ತದೆ. ಹೊಸ ತಂಡವೊಂದು ತನ್ನ ಹಾಡನ್ನು ಜನ ಕಲಿಯುವವರೆಗೆ ಕಾಯಬೇಕು. ಬೊತೆವ್‌ನ ಸಾಲು ಎತ್ತಿಕೊಂಡರೆ ಮೊದಲ ಕಚೇರಿಯಲ್ಲೇ ಸಭೆ ದನಿಗೂಡಿಸುತ್ತದೆ. ಎರಡನೆಯದಾಗಿ, ಬೊತೆವ್‌ನ ಪದ್ಯಗಳಲ್ಲಿ ಜಾನಪದ ಗೀತೆಯ ನಡೆಯಿದೆ. ಅವು ಹಾಡಿಗೆ ಒಗ್ಗುತ್ತವೆ. ಮೂರನೆಯದಾಗಿ, ತಂದೆಗೂ ಮಗನಿಗೂ ಒಂದೇ ಕವಿತೆ ಗೊತ್ತಿರುವುದರಿಂದ ಕೇಳುಗರ ಪೀಳಿಗೆ ಬದಲಾದರೂ ತಂಡಕ್ಕೆ ವಯಸ್ಸಾಗುವುದಿಲ್ಲ. ಇಂದಿನ ಫ್ಯಾಷನ್ನನ್ನು ನೆಚ್ಚಿದ ಹಾಡು ನಾಳೆ ಹಳತಾಗುತ್ತದೆ. ಆಗಲೇ 130 ವರ್ಷ ಹಳತಾದ ಸಾಹಿತ್ಯಕ್ಕೆ ಆ ಭಯವಿಲ್ಲ.

ಈ ದಾರಿಯಲ್ಲಿ ಅಪಾಯವೂ ಇಲ್ಲದಿಲ್ಲ. ಹೋರಾಟದ ಕಾವ್ಯವನ್ನು ಭೋರ್ಗರೆವ ಸಂಗೀತಕ್ಕೆ ಅಳವಡಿಸಿದಾಗ ನಾಡಿನ ಮೇಲಿನ ಪ್ರೀತಿ ಎಲ್ಲಿ ಮುಗಿಯುತ್ತದೆ, ನೆರೆಯವನ ಮೇಲಿನ ದ್ವೇಷ ಎಲ್ಲಿ ಆರಂಭವಾಗುತ್ತದೆ ಎಂಬ ಗೆರೆ ತೆಳುವಾಗುತ್ತದೆ. ಬಲ್ಗೇರಿಯಾದಲ್ಲಿ ಇಂದಿಗೂ ದೊಡ್ಡ ಸಂಖ್ಯೆಯ ಟರ್ಕಿಷ್ ಭಾಷಿಕರಿದ್ದಾರೆ. 1980ರ ದಶಕದಲ್ಲಿ ಝಿವ್ಕೊವ್ ಸರಕಾರ ಅವರ ಹೆಸರುಗಳನ್ನು ಬಲವಂತವಾಗಿ ಬದಲಿಸಿತ್ತು. 1989ರಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಮಂದಿ ಟರ್ಕಿಗೆ ವಲಸೆ ಹೋಗಿದ್ದರು. ಈ ಗಾಯ ಇನ್ನೂ ಹಸಿಯಾಗಿರುವ ದೇಶದಲ್ಲಿ ವೀರಗೀತೆ ಹಾಡುವವರ ಹೊಣೆ ದೊಡ್ಡದು. ಬೊತೆವ್ ಸ್ವತಃ ಸುಲ್ತಾನನಷ್ಟೇ ಕಟುವಾಗಿ ತನ್ನವರೇ ಆದ ಸಿರಿವಂತರನ್ನೂ ಪುರೋಹಿತರನ್ನೂ ಟೀಕಿಸಿದ್ದನೆಂಬುದು ಈ ಸಂದರ್ಭದಲ್ಲಿ ನೆನಪಿಡಬೇಕಾದ ಸಂಗತಿ.

ಏಳು ಮಾತ್ರೆಯ ಲಯ

ಬಲ್ಗೇರಿಯಾದ ಸಂಗೀತಕ್ಕೆ ಇನ್ನೊಂದು ಆಸ್ತಿಯಿದೆ: ಅದರ ಅಸಮ ಲಯಗಳು. ಪಾಶ್ಚಾತ್ಯ ರಾಕ್ ಸಂಗೀತ ಬಹುತೇಕ ನಾಲ್ಕು ಮಾತ್ರೆಯ ಚೌಕಟ್ಟಿನಲ್ಲಿ ಸಾಗುತ್ತದೆ. ಬಲ್ಗೇರಿಯಾದ ಹಳ್ಳಿಯ ಕುಣಿತಗಳು ಹಾಗಲ್ಲ. ‘ರಚೆನಿತ್ಸಾ’ ಎಂಬ ನೃತ್ಯದ ಲಯ 2+2+3, ಒಟ್ಟು ಏಳು ಮಾತ್ರೆ. ‘ಪೈದುಷ್ಕೊ’ 2+3, ಅಂದರೆ ಐದು. ‘ಕೊಪಾನಿತ್ಸಾ’ ಹನ್ನೊಂದು ಮಾತ್ರೆಯದು.

ಕರ್ನಾಟಕ ಸಂಗೀತ ಬಲ್ಲವರಿಗೆ ಇದು ಅಪರಿಚಿತವಲ್ಲ. ‘ಪೈದುಷ್ಕೊ’ ನಮ್ಮ ಖಂಡ ಚಾಪುವಿನಂತೆಯೇ ಎರಡು ಮತ್ತು ಮೂರಾಗಿ ಒಡೆಯುತ್ತದೆ. ‘ರಚೆನಿತ್ಸಾ’ ಮಿಶ್ರ ಚಾಪುವನ್ನು ತಿರುಗಿಸಿಟ್ಟಂತಿದೆ: ನಮ್ಮಲ್ಲಿ ಮೂರರ ಗುಂಪು ಮೊದಲು ಬಂದರೆ ಅಲ್ಲಿ ಕೊನೆಗೆ. ಹಂಗೇರಿಯ ಸಂಯೋಜಕ ಬೇಲಾ ಬಾರ್ಟೋಕ್ ಈ ಲಯಗಳಿಗೆ ಮಾರುಹೋಗಿ ‘ಬಲ್ಗೇರಿಯನ್ ಲಯದ ಆರು ನೃತ್ಯಗಳು’ ಎಂಬ ಪಿಯಾನೋ ರಚನೆಗಳನ್ನೇ ಮಾಡಿದರು. 1977ರಲ್ಲಿ ಅಮೆರಿಕದ ‘ವಾಯೇಜರ್’ ನೌಕೆಗಳ ಜತೆ ಅಂತರಿಕ್ಷಕ್ಕೆ ಹೋದ ಚಿನ್ನದ ಲೇಪನದ ತಟ್ಟೆಯಲ್ಲಿ ಬಲ್ಗೇರಿಯಾದ ರೊದೊಪಿ ಪರ್ವತದ ಗಾಯಕಿ ವಾಲ್ಯಾ ಬಾಲ್ಕಾನ್‌ಸ್ಕಾ ಅವರ ಜಾನಪದ ಹಾಡೂ ಇದೆ. ಅದೇ ತಟ್ಟೆಯಲ್ಲಿ ಭಾರತದ ಕೇಸರಬಾಯಿ ಕೇರ್ಕರ್ ಅವರ ಗಾಯನವೂ ಇದೆಯೆಂಬುದು ಹಲವರಿಗೆ ಗೊತ್ತಿರುವ ಸಂಗತಿ. ಜಾನಪದ ಇಷ್ಟು ಗಟ್ಟಿಯಾಗಿರುವಲ್ಲಿ ಮೆಟಲ್ ತಂಡಗಳೂ ತಮ್ಮ ನೆಲದ ಧಾಟಿಯನ್ನು ಹುಡುಕಿ ದೂರ ಹೋಗಬೇಕಾಗಿಲ್ಲ.

ಕಡಲತಡಿಯ ಪುಟ್ಟ ಊರು, ಎರಡು ಸಾವಿರ ವರ್ಷದ ರಂಗಮಂದಿರ

2007ರ ಜನವರಿ 1ರಂದು ಬಲ್ಗೇರಿಯಾ ಐರೋಪ್ಯ ಒಕ್ಕೂಟ ಸೇರಿತು. ಆ ಹೊತ್ತಿಗೆ ಮೆಟಲ್ ಸಂಗೀತವೂ ಹೊಸ ವೇದಿಕೆ ಕಂಡುಕೊಂಡಿತ್ತು. ಕಪ್ಪು ಸಮುದ್ರದ ದಡದ ಕವಾರ್ನಾ ಎಂಬ ಸಣ್ಣ ಪಟ್ಟಣದ ಮೇಯರ್ ತ್ಸೊಂಕೊ ತ್ಸೊನೆವ್ ತಮ್ಮ ಊರನ್ನು ‘ರಾಕ್ ರಾಜಧಾನಿ’ಯಾಗಿಸಲು ಹೊರಟರು. ವಸತಿ ಕಟ್ಟಡಗಳ ಬೋಳು ಗೋಡೆಗಳ ಮೇಲೆ ರಾಕ್ ತಾರೆಯರ ಬೃಹತ್ ಚಿತ್ರಗಳು ಮೂಡಿದವು. 2008ರ ಜುಲೈನಲ್ಲಿ ಅಮೆರಿಕದ ‘ಮ್ಯಾನೋವಾರ್’ ತಂಡ ಅಲ್ಲಿ ಐದು ಗಂಟೆಗೂ ಹೆಚ್ಚು ಕಾಲ ನುಡಿಸಿತು. 2010ರ ಮೇ 16ರಂದು ಗಾಯಕ ರಾನಿ ಜೇಮ್ಸ್ ಡಿಯೋ ತೀರಿಕೊಂಡಾಗ, ಅದೇ ವರ್ಷ ಅವರ ಪ್ರತಿಮೆ ಸ್ಥಾಪಿಸಿದ್ದೂ ಈ ಊರೇ.

2010ರ ಜೂನ್ 22ರಂದು ಸೋಫಿಯಾದ ವಾಸಿಲ್ ಲೆವ್‌ಸ್ಕಿ ಕ್ರೀಡಾಂಗಣದಲ್ಲಿ ‘ಮೆಟಾಲಿಕಾ’, ‘ಸ್ಲೇಯರ್’, ‘ಮೆಗಾಡೆತ್’, ‘ಆಂಥ್ರಾಕ್ಸ್’ ತಂಡಗಳು ಒಂದೇ ದಿನ ನುಡಿಸಿದವು. ಆ ಕಚೇರಿ ಹಲವು ದೇಶಗಳ ಚಿತ್ರಮಂದಿರಗಳಲ್ಲಿ ಪ್ರಸಾರಗೊಂಡು, ಬಳಿಕ ಡಿ.ವಿ.ಡಿ. ರೂಪದಲ್ಲೂ ಬಂತು. ಕ್ಯಾಸೆಟ್ ಪ್ರತಿಗಳಲ್ಲಿ ಈ ತಂಡಗಳನ್ನು ಕೇಳಿದ್ದ ಪೀಳಿಗೆಗೆ ಅದು ಎರಡು ದಶಕಗಳ ಕಾಯುವಿಕೆಯ ಫಲ. ಪ್ಲೊವ್ದಿವ್ ನಗರದ ರೋಮನ್ ಕಾಲದ ಬಯಲು ರಂಗಮಂದಿರವೂ ಈ ಸಂಗೀತದ ನಕ್ಷೆಯಲ್ಲಿ ಸ್ಥಾನ ಪಡೆಯಿತು. ‘ಅನಾಥಿಮಾ’ 2012ರಲ್ಲಿ, ‘ಪ್ಯಾರಡೈಸ್ ಲಾಸ್ಟ್’ 2014ರಲ್ಲಿ ಅಲ್ಲಿನ ಸ್ಥಳೀಯ ವಾದ್ಯವೃಂದದೊಡನೆ ನುಡಿಸಿದ ಕಚೇರಿಗಳು ಧ್ವನಿಮುದ್ರಿಕೆಯಾಗಿ ಹೊರಬಂದಿವೆ.

ಭಾಷೆಯ ಪ್ರಶ್ನೆ

ಹೊರಗಿನ ದೊಡ್ಡ ತಂಡಗಳು ಬಂದುಹೋಗುವುದು ಬೇರೆ, ಸ್ಥಳೀಯ ತಂಡಗಳು ಬದುಕುವುದು ಬೇರೆ. 1980ರ ದಶಕದ ಕೊನೆಯಲ್ಲಿ ಸುಮಾರು 90 ಲಕ್ಷವಿದ್ದ ಬಲ್ಗೇರಿಯಾದ ಜನಸಂಖ್ಯೆ 2021ರ ಜನಗಣತಿಯ ವೇಳೆಗೆ 65 ಲಕ್ಷಕ್ಕೆ ಇಳಿದಿತ್ತು. ದುಡಿಯುವ ವಯಸ್ಸಿನವರು ಜರ್ಮನಿ, ಸ್ಪೇನ್, ಬ್ರಿಟನ್‌ಗಳಿಗೆ ಹೋದರು. ಕಚೇರಿಗೆ ಬರಬೇಕಾದ ಯುವಕರೂ, ತಂಡ ಕಟ್ಟಬೇಕಾದ ಯುವಕರೂ ಅವರಲ್ಲಿದ್ದರು. ಬೆಂಗಳೂರು ನಗರವೊಂದರ ಜನಸಂಖ್ಯೆಗಿಂತ ಕಡಿಮೆ ಜನರಿರುವ ದೇಶದಲ್ಲಿ, ದೇಶದ ಭಾಷೆಯಲ್ಲೇ ಹಾಡುತ್ತೇವೆ ಎನ್ನುವುದು ವ್ಯಾಪಾರದ ದೃಷ್ಟಿಯಿಂದ ದುಸ್ಸಾಹಸವೇ ಸರಿ. ಅದಕ್ಕೇ ಅನೇಕ ಹೊಸ ತಂಡಗಳು ಇಂಗ್ಲಿಷಿನಲ್ಲಿ ಹಾಡುತ್ತವೆ. ಅದರಿಂದ ಹೊರದೇಶದ ಉತ್ಸವಗಳ ಬಾಗಿಲು ತೆರೆಯಬಹುದು. ಆದರೆ ಅಲ್ಲಿ ಅವು ಸಾವಿರಾರು ತಂಡಗಳ ನಡುವೆ ಇನ್ನೊಂದು ತಂಡ ಮಾತ್ರ.

ಈ ಸಂದಿಗ್ಧ ಕರ್ನಾಟಕಕ್ಕೂ ಹೊಸದಲ್ಲ. 2007ರ ಮಾರ್ಚ್‌ನಲ್ಲಿ ‘ಐರನ್ ಮೇಡನ್’, 2011ರ ಅಕ್ಟೋಬರ್‌ನಲ್ಲಿ ‘ಮೆಟಾಲಿಕಾ’ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದಾಗ ದೇಶದ ಮೂಲೆಮೂಲೆಗಳಿಂದ ಜನ ಬಂದಿದ್ದರು. 1998ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ‘ಕ್ರಿಪ್ಟೋಸ್’ ತಂಡ ಜರ್ಮನಿಯ ವೇದಿಕೆಗಳನ್ನೂ ಏರಿದೆ. ಅದರ ಹಾಡುಗಳು ಇಂಗ್ಲಿಷಿನವು. ಇನ್ನೊಂದೆಡೆ ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಂನಲ್ಲಿ ಶಿಶುನಾಳ ಶರೀಫರ ಪದವನ್ನು ಗಿಟಾರ್ ಜತೆ ಹಾಡಿ ಹೊಸ ಕೇಳುಗರಿಗೆ ತಲುಪಿಸಿದರು. ಹಳೆಯ ಕಾವ್ಯ ಹೊಸ ವಾದ್ಯದೊಡನೆ ಕೂಡಿದಾಗ ಏನಾಗುತ್ತದೆಂಬುದಕ್ಕೆ ಇದು ನಮ್ಮದೇ ಉದಾಹರಣೆ.

‘ಎಪಿಜೋದ್’ ಜಗತ್ತಿನ ಅತ್ಯಂತ ಪ್ರಸಿದ್ಧ ಮೆಟಲ್ ತಂಡಗಳ ಸಾಲಿನಲ್ಲಿಲ್ಲ. ಬಲ್ಗೇರಿಯಾದ ಹೊರಗೆ ಅದರ ಹೆಸರು ಕೇಳಿದವರೂ ವಿರಳ. ಆದರೆ ಒಂದು ಪುಟ್ಟ ಭಾಷೆಯಲ್ಲಿ ಹಾಡುವ ತಂಡಕ್ಕೆ ವಿಸ್ತಾರದಲ್ಲಿ ಸಿಗದ ಕೇಳುಗರನ್ನು ಆಳದಲ್ಲಿ ಹುಡುಕಬಹುದೆಂದು ಅದು ತೋರಿಸಿದೆ. ಪರೀಕ್ಷೆಗೆಂದು ಉರುಹೊಡೆದು ಮರೆಯುತ್ತಿದ್ದ ಪದ್ಯವನ್ನು ಹದಿಹರೆಯದವರು ಸ್ವಂತ ಇಚ್ಛೆಯಿಂದ, ಕಿರುಚುವಷ್ಟು ಪ್ರೀತಿಯಿಂದ ಹಾಡುವಂತಾಗಿದ್ದರೆ, ಪಠ್ಯಪುಸ್ತಕ ಮಾಡಲಾಗದ ಕೆಲಸವನ್ನು ಗಿಟಾರ್ ಮಾಡಿದೆಯೆಂದೇ ಅರ್ಥ.